ಬೋನಸ್ಸಿನ ಕಾರು

ಆಯುಧಪೂಜೆಯ ಬೆಳಿಗ್ಗೆ ಸಾಹೇಬರ ಬಂಗಲೆಯ ಷೆಡ್ಡು ಖಾಲಿ. ಬೀಗ ಹಾಕಿದ್ದು ಹಾಕಿದಂತೆಯೇ ಇದೆ, ಒಳಗೆ ಕಾರು ಮಾತ್ರ ಮಾಯ!

ಅಂತಿಂಥ ಕಾರಲ್ಲ. ನಂಜನಗೂಡಿನ ತ್ರಿಶೂಲ ನೂಲಿನ ಗಿರಣಿ ನಷ್ಟದಲ್ಲಿದೆ, ಈ ಸಲ ಬೋನಸ್ ಇಲ್ಲ ಎಂದ ವರ್ಷವೇ ಜನರಲ್ ಮ್ಯಾನೇಜರಿಗೆಂದು ಕಂಪನಿ ಕೊಂಡ ಹೊಸ ಅಂಬಾಸಿಡರ್. ಆರು ಸಾವಿರ ಸಂಬಳ, ಬಂಗಲೆ, ಅಡುಗೆಯವನು, ಸಾಲದ್ದಕ್ಕೆ ಇದು. ಕಾರ್ಮಿಕರು ಗೇಟಿನಲ್ಲಿ ಕೂತುಬಿಟ್ಟರು. ಕೊನೆಗೆ ಕಂಪನಿ ಬಗ್ಗಿತು. ಹಬ್ಬ ಕಳೆದ ಮೇಲೆ ಕಾರು ಮಾರಿ, ಆ ದುಡ್ಡನ್ನು ಬೋನಸ್ಸಿಗೆ ಹಾಕುವುದು ಎಂದು ಒಪ್ಪಿತು. ಈಗ ನೋಡಿದರೆ ಮಾರಲು ಕಾರೇ ಇಲ್ಲ.

ಆಗ ನಾನು ಅಲ್ಲಿ ಹೆಡ್ ಕಾನ್‌ಸ್ಟೇಬಲ್. ಹೆಸರು ನಿಂಗರಾಜು. ಬಾಯಿ ಸ್ವಲ್ಪ ಜಾಸ್ತಿ ಎಂದು ಮನೆಯಲ್ಲೇ ದೂರು ಇದೆ.

"ಬೀಗದ ಕೈ ಎರಡೇ. ಒಂದು ನನ್ನ ಹತ್ತಿರ, ಇನ್ನೊಂದು ಡ್ರೈವರ್ ಜವರಯ್ಯನ ಹತ್ತಿರ," ಎಂದರು ಜನರಲ್ ಮ್ಯಾನೇಜರ್ ಅನಂತಪದ್ಮನಾಭ. "ನಿನ್ನೆ ರಾತ್ರಿ ನಾನು ಊರಲ್ಲೇ ಇರಲಿಲ್ಲ. ನರಸೀಪುರದಲ್ಲಿ ನಮ್ಮ ಅತ್ತೆ ಮನೇಲಿದ್ದೆ. ಈಗ ತಾನೇ ಬಸ್ಸಲ್ಲಿ ಬಂದೆ."

ಜವರಯ್ಯನನ್ನು ಠಾಣೆಗೆ ಕರೆತಂದೆವು. ಬೆನ್ನಿಗೇ ಅವನ ಹೆಂಡತಿ ಚಿಕ್ಕಮಾದಮ್ಮ ಬಂದಳು.

"ಕಾರ ತೊಳ್ದು, ಬೀಗ ಆಕ್ಬುಟ್ಟು ಮನೆಗೆ ಬಂದವ್ರೆ ಸಾ. ಒಂದ್ಸಲ ಕಳ್ಳ ಅನ್ನಿಸ್ಕಂಡ್ರೆ ಇನ್ಯಾರು ಇವ್ರ ಕೈಗೆ ಗಾಡಿ ಕೊಟ್ಟಾರು?"

ಸಬ್ ಇನ್ಸ್‌ಪೆಕ್ಟರ್ ಶಿವಸ್ವಾಮಿ ಮೀಸೆ ತಿರುವುತ್ತಾ ಕೂತಿದ್ದರು. ನಾನೇ ಅವಳನ್ನು ಠಾಣೆಯ ಮೆಟ್ಟಿಲ ಮೇಲೆ ಕೂರಿಸಿ ಬಂದೆ.

* * *

ಗಿರಣಿಯಲ್ಲಿ ಯಂತ್ರಗಳಿಗೆಲ್ಲ ಸೇವಂತಿಗೆ ಹಾರ. ಕಾರ್ಮಿಕರ ಮುಖಂಡ ಸಿದ್ದರಾಜು ಹಣೆಯ ತುಂಬ ವಿಭೂತಿ ಬಳಿದುಕೊಂಡು ನಿಂತಿದ್ದ.

"ಕಾರನ್ನ ಕಪಿಲೆಗೆ ತಳ್ತೀವಿ ಅಂತ ಕೂಗಿದ್ದು ನೀನೇ ಅಲ್ವೇನಯ್ಯ?" ಶಿವಸ್ವಾಮಿ ನೇರವಾಗಿ ಕೇಳಿದರು.

"ಕೂಗ್ದೆ ಸಾ. ಆವಾಗ ಅದು ಸಾಯೇಬ್ರ ಕಾರು. ಈಗ ನಮ್ ಬೋನಸ್ಸು. ಬೋನಸ್ನ ಯಾವನಾದ್ರೂ ಒಳೆಗೆ ತಳ್ತಾನಾ?"

ಶಿವಸ್ವಾಮಿ ಗಹಗಹಿಸಿ ನಕ್ಕರು. ಹೊರಗೆ ಬಂದು ನನಗೆ ಹೇಳಿದರು, "ಹಾಗೆ ನೋಡಿದ್ರೆ ಕಾರು ಹೋದ್ರೆ ಜವರಯ್ಯನ ಬೋನಸ್ಸೂ ಹೋಗತ್ತೆ. ಅವನನ್ನೂ ಜೀಪಿಗೆ ಹತ್ತಿಸು. ನರಸೀಪುರಕ್ಕೆ ಹೋಗಿ ಬರೋಣ."

"ಅಲ್ಲ ಸಾ, ಆರು ಸಾವಿರ ಎಣಿಸೋರು ಕದೀತಾರಾ?"

"ಬಾಯಿ ಮುಚ್ಕೊಂಡು ಬಾರಯ್ಯ."

* * *

ಸಾಹೇಬರ ಅತ್ತೆ ಭಾಗೀರಥಮ್ಮ ಬಲು ಉಪಚಾರದ ಹೆಂಗಸು. ಪುಳಿಯೋಗರೆ ತಿನ್ನದೆ ಏಳಗೊಡಲಿಲ್ಲ.

"ಅಳಿಯಂದ್ರು ರಾತ್ರಿ ಇಲ್ಲೇ ಇದ್ರು. ಪಾಪ, ಈಗ ಅವರಿಗೆ ಕಾರೂ ಇಲ್ಲ."

ಕೈ ತೊಳೆಯಲು ಹಿತ್ತಿಲಿಗೆ ಹೋದ ಶಿವಸ್ವಾಮಿ ಅಲ್ಲೇ ನಿಂತುಬಿಟ್ಟರು. ಕೊಟ್ಟಿಗೆಯ ಬಾಗಿಲೆದುರು ಕುಂಕುಮ ತುಂಬಿ ಒಡೆದ ಬೂದುಗುಂಬಳ. ಪಕ್ಕದಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು.

"ಯಾವ ಗಾಡಿಗೆ ಪೂಜೆ ಮಾಡಿದ್ರಿ ಅಮ್ಮ?"

"ಗಾಡಿ ಎಲ್ಲಿದೆಯಪ್ಪ ನಮ್ಮನೇಲಿ? ಕತ್ತಿ, ಈಳಿಗೆಮಣೆಗೆ ಮಾಡಿದ್ವಿ."

"ಈಳಿಗೆಮಣೆ ನಿಂಬೆಹಣ್ಣಿನ ಮೇಲೆ ಹರಿದು ಹೋಯ್ತಾ?"

ಭಾಗೀರಥಮ್ಮನ ಮುಖ ಕೆಂಪಾಯಿತು. ಜವರಯ್ಯ ಕೊಟ್ಟಿಗೆಯ ಬಾಗಿಲು ದಬ್ಬಿದ. ಹುಲ್ಲಿನ ಮರೆಯಲ್ಲಿ, ಮಲ್ಲಿಗೆ ಹಾರ ಹಾಕಿಕೊಂಡು, ಮದುವಣಗಿತ್ತಿಯಂತೆ ನಿಂತಿತ್ತು ಅಂಬಾಸಿಡರ್!

"ಬಚ್ಚಿಡಿ ಅಂದ್ರು, ಬಚ್ಚಿಟ್ಟೆ. ಆದ್ರೆ ಹಬ್ಬದ ದಿವಸ ಪೂಜೆ ಇಲ್ಲದೆ ಗಾಡಿ ನಿಲ್ಲಿಸೋದು ಉಂಟೇ? ನಿಂಬೆಹಣ್ಣಿನ ಮೇಲೆ ಹತ್ತಿಸಿಯೇ ಹೋಗಿ ಅಂತ ನಾನೇ ಹಟ ಹಿಡಿದೆ," ಎಂದರು ಆಕೆ.

ಜವರಯ್ಯ ಬಾನೆಟ್ಟಿನ ಮೇಲೆ ತಲೆಯಿಟ್ಟು ಗಳಗಳನೆ ಅತ್ತ.

* * *

ಕಾರು ಗೇಟಿನೊಳಗೆ ಬಂದದ್ದೇ ತಡ, ಗಿರಣಿಯಲ್ಲಿ ಹೋ ಎಂದು ಶಿಳ್ಳೆ ಎದ್ದಿತು. ಯಂತ್ರಗಳಿಗೆ ಮಂಗಳಾರತಿ ಎತ್ತುತ್ತಿದ್ದ ಸಾಹೇಬರು ತಟ್ಟೆ ಕೆಳಗಿಟ್ಟರು.

"ಬಸ್ಸಲ್ಲಿ ಬಂದೆ ಅಂದ್ರಿ," ಶಿವಸ್ವಾಮಿ ಹೇಳಿದರು. "ಹೋಗಿದ್ದು ಯಾವುದರಲ್ಲಿ ಅಂತ ಹೇಳಲೇ ಇಲ್ಲ. ಅಲ್ಲೇ ನನಗೆ ಅನುಮಾನ ಬಂತು. ಕತ್ತಲಾದ ಮೇಲೆ ನಿಮ್ಮ ಬೀಗದ ಕೈಯಲ್ಲಿ ಷೆಡ್ ತೆಗೆದ್ರಿ, ಮತ್ತೆ ಬೀಗ ಹಾಕಿದ್ರಿ. ಗಲಾಟೆ ತಣ್ಣಗಾದ ಮೇಲೆ ಕಾರು ಸಿಕ್ತು ಅಂತ ವಾಪಸ್ ತರೋ ಲೆಕ್ಕ. ನಿಮ್ಮತ್ತೆಯವರ ಭಕ್ತಿ ಅಡ್ಡ ಬಂತು."

ಸಾಹೇಬರು ಸಿಡಿದರು. "ಬೊಂಬಾಯಲ್ಲಿ ಇದೇ ಕೆಲಸಕ್ಕೆ ಹತ್ತು ಸಾವಿರ ಕೊಡ್ತಾರೆ. ಗಿರಣಿ ಮುಳುಗಿದ್ರೆ ಬೈಸಿಕೊಳ್ಳೋನು ನಾನು. ನನಗೊಂದು ಕಾರು ಹೆಚ್ಚಾ?"

"ಬೈಸ್ಕಳದು ನೀವು ಸಾ, ಒಟ್ಟೆಗಿಲ್ದಂಗೆ ಇರದು ನಾವು," ಎಂದ ಸಿದ್ದರಾಜು.

"ನಿಮ್ಮ ಸಂಬಳ ಹೆಚ್ಚೋ ಕಮ್ಮಿಯೋ, ಅದನ್ನ ನೀವುನೀವೇ ಬಗೆಹರಿಸ್ಕೊಳ್ಳಿ. ಆದ್ರೆ ಈ ಬಡಪಾಯಿ ಹೆಸರಿಗೆ ಮಸಿ ಬಳಿಯೋ ಹಕ್ಕು ಯಾವ ಸಂಬಳದಲ್ಲೂ ಸೇರಿಲ್ಲ. ನಡೀರಿ, ಜೀಪು ಹತ್ತಿ," ಎಂದರು ಶಿವಸ್ವಾಮಿ.

ಆಹಾ, ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಜವರಯ್ಯ ಕಾರನ್ನು ನೇರ ಠಾಣೆಗೆ ತಂದ. ಚಿಕ್ಕಮಾದಮ್ಮ ಇನ್ನೂ ಮೆಟ್ಟಿಲ ಮೇಲೇ ಕೂತಿದ್ದಳು. ಅವನು ಇಳಿದು ಹಿಂದಿನ ಬಾಗಿಲು ತೆಗೆದ.

"ಅಯ್ಯೋ, ಸಾಯೇಬ್ರು ಕೂರೋ ಜಾಗ ಕಣ್ರೀ!"

"ಮಾರೋಗಂಟ ನಮ್ದೇ ಕಣಮ್ಮಿ. ಅತ್ತು."

ಹತ್ತಿದಳು. ಜವರಯ್ಯ ಹಾರ್ನ್ ಒತ್ತುತ್ತಲೇ ಪೇಟೆ ಬೀದಿಗೆ ತಿರುಗಿಸಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ನಿಂಗ್ರಾಜಣ್ಣೋ, ಕಳ್ಳನ ಎಂಡ್ತಿ ಕಾರಲ್ಲಿ ಓಯ್ತಾವ್ಳೆ, ನೋಡ್ಕಳ್ಳಿ!"