ನಾಗಲಿಂಗನ ಕೋರೆಹಲ್ಲು

ಸೂಜಿಯ ಮೊನೆಗಿಂತ ಸಣ್ಣದಾದ ಕೊಳವೆಯೊಂದು ನಾಗಲಿಂಗ ಬಡಿಗೇರನ ಬಾಯೊಳಗೆ, ಮೇಲಿನ ಸಾಲಿನ ಎಡ ಕೋರೆಹಲ್ಲಿನ ಸುತ್ತ ನಿಧಾನವಾಗಿ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಅದು ಹಾಲುಬಣ್ಣದ ಒಂದು ತೆಳುಪದರವನ್ನು ಬಿಟ್ಟುಹೋಗುತ್ತಿತ್ತು. ಅರ್ಧ ಗಂಟೆಯ ಹಿಂದೆ ಆ ಹಲ್ಲು ತುದಿಯಿಂದ ವಸಡಿನವರೆಗೆ ಸೀಳಿ, ಒಡೆದ ಮಡಕೆಯ ಚೂರಿನಂತಿತ್ತು. ಈಗ ಅದರ ಮೇಲೊಂದು ಹೊಸ ಹಲ್ಲು ಮೊಗ್ಗಿನ ಹಾಗೆ ಬೆಳೆಯುತ್ತಿರುವುದು ಎದುರಿನ ಪರದೆಯಲ್ಲಿ ಕಾಣುತ್ತಿತ್ತು. ನಾಗಲಿಂಗನಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಎಡಗೆನ್ನೆ, ತುಟಿ, ಮೂಗಿನ ಒಂದು ಹೊಳ್ಳೆ ಎಲ್ಲವೂ ಮರಗಟ್ಟಿದ್ದವು. ಯಾರದೋ ಮುಖವನ್ನು ತಂದು ತನಗೆ ಅಂಟಿಸಿದ್ದಾರೆ ಎಂಬಂತೆ ಅವನು ಮಲಗಿದ್ದ.

ಧಾರವಾಡದ ಜನ ಅದನ್ನು ಈಗಲೂ ‘ಕ್ಯಾಪ್’ ಎಂದೇ ಕರೆಯುತ್ತಿದ್ದರು. ಆದರೆ ಅದನ್ನು ರೂಪಿಸಿದ ಡಾಕ್ಟರ್ ನಿವೇದಿತಾ ಹಂಚಿನಮನಿಯವರು ಇಟ್ಟ ಹೆಸರು ‘ಜೀವಕಿರೀಟ’. ಹಿಂದೆಲ್ಲ ಮುರಿದ ಹಲ್ಲನ್ನು ಅರೆದು ಅಳತೆ ತೆಗೆದುಕೊಂಡು, ಲೋಹದ್ದೋ ಪಿಂಗಾಣಿಯದೋ ಟೊಪ್ಪಿಗೆ ಮಾಡಿಸಿ ಅಂಟಿಸುತ್ತಿದ್ದರು. ಜೀವಕಿರೀಟ ಹಾಗಲ್ಲ. ರೋಗಿಯ ಜೀವಕೋಶಗಳಿಂದಲೇ ತಯಾರಾದ ದ್ರವ ಹಲ್ಲಿನ ಮೇಲೆ ಹನಿಹನಿಯಾಗಿ ಕೂತು ಗಟ್ಟಿಯಾಗುತ್ತಿತ್ತು. ಅದರ ಕೆಳಗೆ ಕೂದಲೆಳೆಯಷ್ಟು ದಪ್ಪದ ಇನ್ನೊಂದು ಹಾಸು ಇರುತ್ತಿತ್ತು. ಅದೇ ‘ಶಮನಪದರ’. ಒಂಬತ್ತು ವರ್ಷಗಳ ಸಂಶೋಧನೆಯ ಫಲವೆಲ್ಲ ಇದ್ದುದು ಅದರಲ್ಲಿಯೇ.

ಪಕ್ಕದಲ್ಲಿ ಕೂತಿದ್ದ ನಾಗಲಿಂಗನ ಹೆಂಡತಿ ಕಸ್ತೂರಿಗೆ ಡಾಕ್ಟರು ಅದನ್ನು ಬಿಡಿಸಿ ಹೇಳಿದ್ದರು. “ಹಲ್ಲಿಗೆ ನೋವಾಗೂಕಿಂತ ಮೊದಲ ಈ ಪದರಕ್ಕ ಗೊತ್ತಾಗ್ತದ್ರಿ. ಬಂದ ಪೆಟ್ಟಿಗೆ ಅಷ್ಟ ಅಳತೀದು ಎದುರಪೆಟ್ಟು ಕೊಟ್ಟು, ಅಲ್ಲೇ ಅಡಗಿಸಿಬಿಡ್ತದ. ಮೊದಲ ಒಂದು ವಾರ ಇವರ ಬಾಯಾಗ ಕೂತು ಕಲೀತದ. ಅಗಿಯೂ ಪೆಟ್ಟು ಯಾವುದು, ಬ್ಯಾಡಾದ ಪೆಟ್ಟು ಯಾವುದು ಅಂತ.”

ಚಿಕಿತ್ಸೆಗೆ ಮೊದಲು ತುಂಬಬೇಕಾದ ನಲವತ್ತು ಪ್ರಶ್ನೆಗಳ ಪಟ್ಟಿಯನ್ನು ಕಸ್ತೂರಿಯೇ ತುಂಬಿದ್ದಳು. ಸಕ್ಕರೆ ಕಾಯಿಲೆ ಇದೆಯೇ, ತಂಬಾಕು ಹಾಕುತ್ತಾರೆಯೇ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಯೇ. ಹಲ್ಲು ಸೀಳಿದ್ದು ಹೇಗೆ ಎಂಬಲ್ಲಿ ‘ಗಟ್ಟಿ ವಸ್ತು ಕಚ್ಚಿದ್ದರಿಂದ’ ಎಂದು ಬರೆದಿದ್ದಳು. ಅದು ಸುಳ್ಳಾಗಿರಲಿಲ್ಲ.

ನಾಗಲಿಂಗನಿಗೆ ಮಾಳಮಡ್ಡಿಯಲ್ಲಿ ತಂಬೂರಿಯ ಅಂಗಡಿಯಿತ್ತು. ತಂಬೂರಿ ಮಾಡುವವರು ಬೇರೆಯವರೂ ಇದ್ದರು. ಆದರೆ ಜವಾರಿ ಹಿಡಿಯುವುದಕ್ಕೆ ಅವನೇ ಬೇಕು ಎನ್ನುತ್ತಿದ್ದರು ಗಾಯಕರು. ತಂತಿಗಳು ಹಾಯ್ದುಹೋಗುವ ಕುದುರೆಯನ್ನು ಅರದಿಂದ ಕೂದಲೆಳೆಯಷ್ಟು ತೀಡಿ, ತಂತಿಯ ಕೆಳಗೆ ಒಂದು ದಾರದೆಳೆಯನ್ನು ಹಿಂದೆ ಮುಂದೆ ಸರಿಸಿ, ಬರಿಯ ಸದ್ದನ್ನು ಗುಂಯ್‌ಗುಡುವ ನಾದವನ್ನಾಗಿ ಮಾಡುವ ಕೆಲಸ ಅದು. ಅದನ್ನು ಮಾಡುವಾಗ ನಾಗಲಿಂಗ ತಂಬೂರಿಯನ್ನು ಎದೆಗೆ ಒರಗಿಸಿಕೊಂಡು, ಅದರ ಉದ್ದನೆಯ ಬೀಟೆಮರದ ದಂಡಿಯ ಅಂಚಿಗೆ ಕೋರೆಹಲ್ಲನ್ನು ಊರಿ, ಕಣ್ಣು ಮುಚ್ಚುತ್ತಿದ್ದ. ನೋಡಿದವರು ಅದು ಅವನ ರೂಢಿ ಎಂದುಕೊಂಡಿದ್ದರು. ‘ಕಚ್ಚಿ ಕೇಳೂ ನಾಗಲಿಂಗಪ್ಪ’ ಎಂದು ಅವನಿಗೆ ಹೆಸರೇ ಬಿದ್ದಿತ್ತು.

ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂಬ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅದು ಶುರುವಾಗಿತ್ತು. ಮೊದಲು ಗುಬ್ಬಿಗಳು ಹೋದವು, ಆಮೇಲೆ ಫೋನಿನ ಗಂಟೆ, ಆಮೇಲೆ ಜನರ ಮಾತು. ನಾಗಲಿಂಗ ಹೆದರಿ, ತುಟಿಯ ಚಲನೆ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತ. ಆ ದಿನಗಳಲ್ಲಿಯೇ ಒಮ್ಮೆ ತಂತಿ ಬಿಗಿಯುತ್ತ ಬಗ್ಗಿದಾಗ ಹಲ್ಲು ದಂಡಿಗೆ ತಾಗಿತು. ಷಡ್ಜ ನೇರವಾಗಿ ತಲೆಬುರುಡೆಯೊಳಗೆ ಎದ್ದುನಿಂತಿತು. ಅಂದಿನಿಂದ ಅವನು ಹಲ್ಲಿನಿಂದಲೇ ಕೇಳುತ್ತಿದ್ದ. ಕಿವುಡನ ಕೈಗೆ ತಂಬೂರಿ ಕೊಡುವವರು ಯಾರು? ಆದ್ದರಿಂದ ಯಾರಿಗೂ ಹೇಳಲಿಲ್ಲ, ಕಸ್ತೂರಿಗೂ ಕೂಡ. ಹನ್ನೊಂದು ವರ್ಷ ಬೀಟೆಮರಕ್ಕೆ ಒತ್ತಿ ಒತ್ತಿ ಕಡೆಗೆ ಹಲ್ಲೇ ಸೀಳಿತು.

ಜೀವಕಿರೀಟ ಕೂತ ಮೇಲೆ ನೋವು ಪೂರ್ತಿ ಹೋಯಿತು. ಬಿಸಿ ಚಹಾ, ತಣ್ಣೀರು, ಕಬ್ಬು, ಯಾವುದೂ ಹಲ್ಲಿಗೆ ತಾಕುತ್ತಿರಲಿಲ್ಲ. ಮರುದಿನವೇ ನಾಗಲಿಂಗ ಅಂಗಡಿಗೆ ಹೋಗಿ ತಂಬೂರಿ ಕಚ್ಚಿದ. ನಾದ ಮೊದಲಿನ ಹಾಗೆಯೇ ಬಂತು. ಮೂರನೆಯ ದಿನ ತುಸು ದೂರದಿಂದ ಬಂದಂತಿತ್ತು. ಐದನೆಯ ದಿನ ಪಕ್ಕದ ಮನೆಯಿಂದ ಬಂದಂತಿತ್ತು. ಏಳನೆಯ ದಿನ ಬೆಳಿಗ್ಗೆ ಅವನು ತಂತಿ ಮೀಟಿದ. ತಂತಿ ನಡುಗುವುದು ಕಣ್ಣಿಗೆ ಕಂಡಿತು, ಅಷ್ಟೆ.

ಕಿರೀಟ ಕಲಿಯಬೇಕಾದುದನ್ನು ಕಲಿತಿತ್ತು. ದಿನವಿಡೀ ಹಲ್ಲಿನ ಮೇಲೆ ಬೀಳುವ ಈ ಕಂಪನ ಅಗಿಯುವುದಕ್ಕೆ ಸಂಬಂಧಿಸಿದ್ದಲ್ಲ, ಆದ್ದರಿಂದ ಬೇಡವಾದದ್ದು ಎಂದು ತೀರ್ಮಾನಿಸಿತ್ತು. ಪ್ರತಿಯೊಂದು ಅಲೆಗೂ ಅಷ್ಟೇ ಬಲದ ಎದುರಲೆಯನ್ನು ಕಳಿಸಿ ಅಳಿಸಿಹಾಕುತ್ತಿತ್ತು. ಆ ಎದುರಲೆ ದವಡೆಯ ಮೂಳೆಯುದ್ದಕ್ಕೂ ಹರಡಿದ್ದರಿಂದ ಉಳಿದ ಹಲ್ಲುಗಳೂ ಸುಮ್ಮನಾಗಿದ್ದವು. ನಾಗಲಿಂಗ ಬಲಗಡೆಯಿಂದ ಕಚ್ಚಿ ನೋಡಿದ, ಕೆಳಗಿನ ಹಲ್ಲು ಊರಿ ನೋಡಿದ, ಹಣೆ ಒತ್ತಿ ನೋಡಿದ. ಗೋಡೆಯಾಚೆ ಯಾರೋ ಚೀಲ ಇಳಿಸಿದ ಹಾಗೆ ಒಂದು ಧಪ್ ಬಿಟ್ಟರೆ ಬೇರೇನಿಲ್ಲ. ಆಮೇಲೆ ಗೊತ್ತಾಯಿತು, ಅವನ ಸ್ವಂತ ದನಿಯೂ ಹೋಗಿತ್ತು. ಅದುವರೆಗೆ ಮೂಳೆಯ ಮೂಲಕ ಅದಾದರೂ ಒಳಗೆ ಕೇಳುತ್ತಿತ್ತು.

ಅಳು ಬರಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಬರಲಿಲ್ಲ. ಅಂದು ಚುಚ್ಚುಮದ್ದು ಕೆನ್ನೆಗೆ ಮಾಡಿದ್ದನ್ನು ಈಗ ಯಾರೋ ಇಡೀ ದೇಹಕ್ಕೆ ಮಾಡಿದಂತಿತ್ತು. ಅರಗಳನ್ನು ಒರೆಸಿ ಸಾಲಾಗಿ ಇಟ್ಟ. ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿದ. ರೊಟ್ಟಿ, ಪುಂಡಿಪಲ್ಯ, ತಿಂದದ್ದು ನೆನಪಿತ್ತು, ರುಚಿ ನೆನಪಿರಲಿಲ್ಲ.

ಅದೇ ವಾರ ವೈಜಯಂತಿ ಇನಾಮದಾರ ಅವರು ತಮ್ಮ ತಂಬೂರಿ ತಂದರು. ಇಪ್ಪತ್ತು ವರ್ಷದಿಂದ ಅವನಲ್ಲಿಗೇ ಬರುತ್ತಿದ್ದ ಗಾಯಕಿ. ಹತ್ತು ದಿನಕ್ಕೆ ಕಛೇರಿ ಇತ್ತು. ನಾಗಲಿಂಗ ಇಲ್ಲವೆನ್ನಲಾರದೆ ತೆಗೆದುಕೊಂಡ. ಕೈಗೆ ರೂಢಿಯಿದ್ದಷ್ಟು ತೀಡಿದ, ದಾರ ಸರಿಸಿದ. ಎರಡು ದಿನ ಬಿಟ್ಟು ಆಕೆ ಬಂದು ಮೀಟಿ ನೋಡಿದರು. ನಾಗಲಿಂಗ ತಂತಿಯನ್ನು ನೋಡಲಿಲ್ಲ, ಅವರ ಮುಖವನ್ನು ನೋಡಿದ. ಎರಡನೆಯ ಮೀಟಿಗೇ ಹುಬ್ಬು ಗಂಟಿಕ್ಕಿತು. ಆಕೆ ತಂಬೂರಿಯನ್ನು ಮೆಲ್ಲಗೆ ಕೆಳಗಿಟ್ಟು, ಅವನಿಗೆ ನೋವಾಗದ ಹಾಗೆ ಹೇಳಿದರು.

“ಸ್ವರ ಸರಿ ಅದ ನಾಗಲಿಂಗಪ್ಪ. ಆದ್ರ ಜೀವ ಇಲ್ಲ ನೋಡ್ರಿ.”

ತುಟಿಗಳಲ್ಲಿ ಅದನ್ನು ಓದಿ ಅವನು ತಲೆಯಾಡಿಸಿದ. ಇನ್ನೊಮ್ಮೆ ನೋಡುತ್ತೇನೆ, ಇಟ್ಟುಹೋಗಿ ಎಂದ. ತನ್ನ ಮಾತು ಜೋರಾಯಿತೋ ಮೆಲ್ಲಗಾಯಿತೋ ತಿಳಿಯಲಿಲ್ಲ.

ಮರುದಿನ ಒಬ್ಬನೇ ಡಾಕ್ಟರ್ ಹಂಚಿನಮನಿಯವರ ಬಳಿ ಹೋಗಿ, ಕಿರೀಟ ತೆಗೆದುಬಿಡಿ ಎಂದು ಕೇಳಿದ. ಡಾಕ್ಟರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಾಯಿ ಪರೀಕ್ಷಿಸಿದರು. ಪರೀಕ್ಷಿಸುತ್ತಲೇ ಏನೋ ಕೇಳಿದರು. ನಾಗಲಿಂಗ “ಹೌದ್ರಿ” ಎಂದ. ಮತ್ತೇನೋ ಕೇಳಿದರು. ಅದಕ್ಕೂ “ಹೌದ್ರಿ” ಎಂದ. ಮೂರನೆಯದಕ್ಕೆ, ಯಾವುದಕ್ಕೂ ಇರಲಿ ಎಂದು, “ಎರಡ ದಿನ ಆತ್ರಿ” ಎಂದ. ಡಾಕ್ಟರು ಉಪಕರಣ ಕೆಳಗಿಟ್ಟರು. ಮಾಸ್ಕ್ ತೆಗೆದು ಅವನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು.

“ನಿಮ್ಮ ಹೆಸರೇನು ಅಂತ ಕೇಳಿದೆ,” ಎಂದರು. “ನಿಮಗ ಕಿವಿ ಕೇಳಸೂದಿಲ್ಲ, ಹೌದಲ್ರಿ?”

ಹನ್ನೊಂದು ವರ್ಷ ಕಾದ ಗುಟ್ಟು ಹೀಗೆ ಒಂದು ಮಧ್ಯಾಹ್ನ, ಫಿನೈಲಿನ ವಾಸನೆಯ ಕೋಣೆಯಲ್ಲಿ ಬಿದ್ದುಹೋಯಿತು. ಬಿದ್ದದ್ದೂ ಅವನಿಗೆ ಅಷ್ಟಾಗಿ ತಾಕಲಿಲ್ಲ.

“ಹಲ್ಲಿಲೆ ಕೇಳತಿದ್ದೆ ರೀ,” ಎಂದ. “ಈಗ ಅದೂ ಇಲ್ಲ.”

ಡಾಕ್ಟರು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಶಮನಪದರಕ್ಕೆ ಹೊಸದಾಗಿ ಕಲಿಸಬಹುದು, ಆದರೆ ಎರಡು ತಿಂಗಳಾದರೂ ಬೇಕು ಎಂದರು. ಆಮೇಲೆ ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡು ಕಿವಿಯ ಚಿತ್ರ ಬರೆದರು. ಕಿವಿಯ ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳು. ಕೊನೆಯದು ಕುದುರೆ ಸವಾರರು ಕಾಲಿಡುವ ರಿಕಾಪಿನ ಆಕಾರದ್ದು. ಗಾಳಿಯಲ್ಲಿ ಬಂದ ಸದ್ದನ್ನು ಒಳಗಿವಿಗೆ ತಳ್ಳುವುದು ಅದು. ಕೆಲವರಲ್ಲಿ ಅದರ ಬುಡಕ್ಕೆ ಎಲುಬು ಬೆಳೆದು, ಅಲುಗಾಡದ ಹಾಗೆ ಕಚ್ಚಿಕೊಳ್ಳುತ್ತದೆ. ಆಗ ಗಾಳಿಯ ಸದ್ದು ಹೊರಗೇ ಉಳಿಯುತ್ತದೆ. ಮೂಳೆಯ ಮೂಲಕ ಬರುವ ಸದ್ದು ಮಾತ್ರ ಒಳಗೆ ಮುಟ್ಟುತ್ತದೆ.

“ಒಳಗಿವಿ ಸತ್ತಿದ್ರ ನಿಮಗ ಹಲ್ಲಿಲೇನೂ ಕೇಳಸ್ತಿರಲಿಲ್ಲ,” ಎಂದರು ಡಾಕ್ಟರು. “ನಿಮ್ಮ ಕಿವಿ ನೆಟ್ಟಗ ಅದ್ರಿ. ಬಾಗಲಾ ಅಷ್ಟ ಬಿಗದದ. ಹನ್ನೊಂದ ವರ್ಷದ ಹಿಂದ ಬಂದಿದ್ರೂ ಇದು ಒಂದು ತಾಸಿನ ಕೆಲಸ ಇತ್ತು.”

ನಾಗಲಿಂಗ ಆ ಚಿತ್ರವನ್ನು ನೋಡುತ್ತ ಕೂತ.

“ಹನ್ನೊಂದ ವರ್ಷದ ಹಿಂದ ಯಾರಿಗರೆ ಹೇಳಿದ್ರ, ನನ್ನ ಕಡೆ ತಂಬೂರಿ ಯಾರು ತರತಿದ್ರು?”

ಡಾಕ್ಟರು ಚಿತ್ರದ ಕೆಳಗೆ ಕಿವಿಯ ಆಸ್ಪತ್ರೆಯೊಂದರ ಹೆಸರು ಬರೆದು ಅವನ ಕೈಗೆ ಕೊಟ್ಟರು. ಅವನು ಹೋದ ಮೇಲೆ ತಮ್ಮ ಪ್ರಶ್ನೆಗಳ ಪಟ್ಟಿಯನ್ನು ತೆರೆದು ನಲವತ್ತೊಂದನೆಯದನ್ನು ಸೇರಿಸಿದರು: ‘ಅಗಿಯುವುದನ್ನು ಬಿಟ್ಟು ಹಲ್ಲಿನಿಂದ ಬೇರೆ ಏನು ಮಾಡುತ್ತೀರಿ?’ ಒಂಬತ್ತು ವರ್ಷದಲ್ಲಿ ಅದನ್ನು ಯಾರೂ ಯಾರಿಗೂ ಕೇಳಿರಲಿಲ್ಲ. ಮುಂದಿನ ದಿನಗಳಲ್ಲಿ ಬಂದ ಉತ್ತರಗಳನ್ನು ಓದಿ ಅವರೇ ಬೆರಗಾದರು. ಕೌದಿ ಹೊಲಿಯುವ ಮುದುಕಿ ದಾರದ ಬಲವನ್ನು ಹಲ್ಲಿನಿಂದ ಅಳೆಯುತ್ತಿದ್ದಳು. ಒಬ್ಬ ಧಾನ್ಯದ ವ್ಯಾಪಾರಿ ಜೋಳದ ಕಾಳು ಕಚ್ಚಿ, ಬಂದ ಟಕ್ಕೆಂಬ ಸದ್ದಿನಿಂದಲೇ ಅದು ಎಷ್ಟು ಒಣಗಿದೆ ಎಂದು ಹೇಳುತ್ತಿದ್ದ.

ಗುರುವಾರ ನಾಗಲಿಂಗ ತಂತಿ ತರಲು ಹುಬ್ಬಳ್ಳಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಊರಿನಲ್ಲೇ ಇದ್ದ ಆ ಕಿವಿಯ ಆಸ್ಪತ್ರೆಗೆ ಹೋದ. ಈ ಸಲ ಮರಗಟ್ಟಿದ್ದು ಕಿವಿ. ಬಿಗಿದ ಮೂಳೆಯನ್ನು ಬೆಳಕಿನ ಕಿರಣದಿಂದ ಬಿಡಿಸಿ ತೆಗೆದು, ಅವನ ಹಲ್ಲನ್ನು ಬೆಳೆಸಿದ ದ್ರವದಿಂದಲೇ ಅಕ್ಕಿಕಾಳಿಗಿಂತ ಚಿಕ್ಕದಾದ ಹೊಸ ರಿಕಾಪನ್ನು ಅಲ್ಲಿ ಬೆಳೆಸಿದರು. ಎರಡೂ ಕಿವಿಗೆ ಸೇರಿ ಎರಡು ತಾಸು. ಹತ್ತಿ ತೆಗೆದಾಗ ಮೊದಲು ಕೇಳಿಸಿದ್ದು ಮೇಲೆ ತಿರುಗುತ್ತಿದ್ದ ಫ್ಯಾನು. ಅದು ಹೀಗೆ ಸದ್ದು ಮಾಡುತ್ತದೆಂಬುದನ್ನು ಅವನು ಮರೆತೇಬಿಟ್ಟಿದ್ದ.

ಹೊರಗೆ ಆಟೋದವನಿಗೆ ಮಾಳಮಡ್ಡಿ ಎಂದು ಹೇಳಿದ. ಹೇಳಿದ ದನಿ ಸತ್ತುಹೋದ ಅವನ ಅಪ್ಪನದಾಗಿತ್ತು. ದಾರಿಯುದ್ದಕ್ಕೂ ಹಾರ್ನು, ಬ್ರೇಕು, ಗಾರೆ ಕಲಸುವ ಯಂತ್ರ. ಎಲ್ಲವೂ ಕೇಳಿಸಿದವು, ಯಾವುದೂ ಒಳಗೆ ಇಳಿಯಲಿಲ್ಲ. ನೆಂಟರ ಮನೆಯ ಮದುವೆಯಲ್ಲಿ ಮೂಲೆಯಲ್ಲಿ ಕೂತವನ ಹಾಗೆ ಆಟೋದಲ್ಲಿ ಕೂತಿದ್ದ. ಅಂಗಡಿಯ ಬಾಗಿಲು ತೆರೆದು ಇನಾಮದಾರರ ತಂಬೂರಿ ತೆಗೆದುಕೊಂಡ. ಸಂಜೆಯವರೆಗೆ ಕೂತು ದಾರ ಸರಿಸಿದ, ತೀಡಿದ, ಮತ್ತೆ ಸರಿಸಿದ. ಕಡೆಗೆ ನಾಲ್ಕು ತಂತಿಗಳೂ ಒಂದರೊಳಗೊಂದು ಬೆರೆತು ಗುಂಯ್‌ಗುಟ್ಟಿದವು. ಸರಿಯಾಗಿತ್ತು. ಸರಿಯಾಯಿತೆಂದು ತಿಳಿಯಿತು, ಬೇರೆಯವರ ಕೆಲಸ ಸರಿಯಾದಾಗ ತಿಳಿಯುವ ಹಾಗೆ. ಇನಾಮದಾರರಿಗೆ ಫೋನು ಮಾಡಿ ಬಂದು ಒಯ್ಯಲು ಹೇಳಿ, ಮನೆಗೆ ಹೊರಟ.

ಕಸ್ತೂರಿ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಅವನನ್ನು ನೋಡಿ ತಲೆಯೆತ್ತಿ, ತಂತಿ ಸಿಕ್ಕಿತೇ ಎಂದು ಕೇಳಿದಳು.

ತುಟಿಗಳು ಅಲುಗಿದವು. ದನಿ ಬರಲಿಲ್ಲ.

ನಾಗಲಿಂಗ ನಿಂತಲ್ಲೇ ನಿಂತ. ಕಿವಿ ಮತ್ತೆ ಹೋಯಿತು ಎಂದುಕೊಂಡ. ಆದರೆ ನಲ್ಲಿಯಿಂದ ಬಕೆಟಿಗೆ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅವಳು ಕೈ ಎತ್ತಿದಾಗ ಬಳೆ ಕೇಳಿಸಿತು. ಗೋಡೆಯಾಚೆ ಪಕ್ಕದ ಮನೆಯವರು ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು.

“ಇನ್ನೊಮ್ಮೆ ಹೇಳು,” ಎಂದ.

ಅವಳು ತುಟಿಗಳನ್ನು ಇನ್ನಷ್ಟು ಬಿಡಿಸಿ ಹೇಳಿದಳು. ಸೊಪ್ಪಿನ ಕಡ್ಡಿ ಮುರಿದ ಸದ್ದು ಅವಳ ಮಾತಿಗಿಂತ ದೊಡ್ಡದಾಗಿತ್ತು.

ಅವನು ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತುಕೊಂಡ. ಕಿವಿ ಸರಿ ಮಾಡಿಸಿಕೊಂಡು ಬಂದೆ ಎಂದು ಹೇಳಿದ. ಕಸ್ತೂರಿಯ ಕೈ ನಿಂತಿತು. ಆಮೇಲೆ ಅವಳು ಹೇಳಿದ್ದನ್ನೆಲ್ಲ ಅವನು ಹಳೆಯ ರೀತಿಯಲ್ಲೇ, ತುಟಿ ನೋಡಿಯೇ ತಿಳಿದುಕೊಂಡ. ಅವನ ಕಿವಿ ಹೋದ ಎರಡನೆಯ ವರ್ಷದಲ್ಲೇ ಅವಳಿಗೆ ಗೊತ್ತಾಗಿತ್ತು. ಹಿಂದಿನಿಂದ ಮೂರು ಸಲ ಕರೆದರೂ ಅವನು ತಿರುಗಿರಲಿಲ್ಲ. ಅವನು ಹೇಳದ್ದನ್ನು ತಾನಾಗಿ ಕೇಳುವುದು ಬೇಡ ಎಂದುಕೊಂಡಳು. ಕೂಗಿ ಮಾತಾಡಿದರೆ ಗೋಡೆಯಾಚೆಯವರಿಗೆ ಗುಟ್ಟು ತಿಳಿಯುತ್ತದೆ. ಮೆಲ್ಲಗೆ ಮಾತಾಡಿದರೆ ಅವನಿಗೆ ಕೇಳದು. ಅಂದ ಮೇಲೆ ದನಿ ಯಾತಕ್ಕೆ? ಮನೆಯಲ್ಲಿ ಇಬ್ಬರೇ ಇರುವಾಗ ದನಿ ತಾನಾಗಿಯೇ ನಿಂತುಹೋಯಿತು. ಬೇರೆಯವರೊಡನೆ ಆಡುವಾಗ ಈಗಲೂ ಬರುತ್ತದೆ, ನಿಮ್ಮ ಕಡೆ ಮುಖ ಮಾಡಿದರೆ ಬರುವುದಿಲ್ಲ ಎಂದಳು.

“ಈಗ ಬಾಯಿಬಿಟ್ಟು ಹೇಳು,” ಎಂದ ನಾಗಲಿಂಗ. “ಏನರೆ ಹೇಳು.”

ಕಸ್ತೂರಿ ಬಾಯಿ ತೆರೆದಳು. ಉಸಿರು ಬಂತು, ಮಾತು ಬರಲಿಲ್ಲ. ನಾಚಿದವಳಂತೆ ಸೆರಗು ಕೊಡವಿಕೊಂಡು ಎದ್ದು, ಅವನಿಗೆ ಬೆನ್ನು ಮಾಡಿ ಒಲೆಯ ಕಡೆ ತಿರುಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ದನಿಯೊಂದು ಬಂತು.

“ಚಾ ಇಡ್ಲೇನ್ರಿ?”

ದಪ್ಪಗಿನ, ಕೆಳಗಿನ ಸ್ವರದಲ್ಲಿ ತುಸು ಒಡೆಯುವ ದನಿ. ಅವನ ನೆನಪಿನಲ್ಲಿದ್ದದ್ದು ನಲವತ್ತು ವರ್ಷದ ಹೆಂಗಸಿನ ದನಿ. ಇದು ಅದಲ್ಲ. ಇದನ್ನು ಅವನು ಎಂದೂ ಕೇಳಿರಲಿಲ್ಲ. ಮೊದಲ ಸಲ ಕಾಣುವ ಮನೆಯ ಹೆಂಗಸು ಒಳಗಿನಿಂದ ವಿಚಾರಿಸಿದಂತಾಗಿ, ನಾಗಲಿಂಗ ಕಾಲು ಮಡಚಿಕೊಂಡು ನೆಟ್ಟಗೆ ಕೂತ.

“ಇಡ್ರಿ,” ಎಂದ.

ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವನು ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕಸ್ತೂರಿ ಮೆಲ್ಲಗೆ ತಿರುಗಿ ಅವನ ಮುಖ ನೋಡಿದಳು.