ಗೊತ್ತಿಲ್ಲದೆ ಕೊಟ್ಟ ಒಪ್ಪಿಗೆ

ಹಿರಿಯರೊಬ್ಬರು ಹರಸಿ ಮುಗಿಸಿದಾಗ ಎಲ್ಲರೂ ಅಂಗೈ ಎತ್ತಿ ಮುಖ ಸವರಿಕೊಂಡರೆಂದು ಉನ್‌ಸಿಲ್ ಕೂಡ ಸವರಿಕೊಂಡಳು. ಅಷ್ಟೇ ಅವಳು ಮಾಡಿದ್ದು! ಊಟಕ್ಕೆ ಕೂತಿದ್ದ ನೆರೆಹೊರೆಯ ಹೆಂಗಸರು ಎದ್ದು ಬಂದು ಅವಳ ಅತ್ತೆಯ ಕೆನ್ನೆಗೆ ಮುತ್ತಿಟ್ಟರು. ಉನ್‌ಸಿಲ್‌ಳ ಪುಟ್ಟ ಮಗಳು ಸೆಬೊಮ್‌ಳನ್ನು ಎತ್ತಿ ಆ ಅಜ್ಜಿಯ ಮಡಿಲಲ್ಲಿ ಕೂರಿಸಿದರು. ಏನೋ ಎಡವಟ್ಟಾಗಿದೆ ಎಂದು ಉನ್‌ಸಿಲ್‌ಳ ಮನಸ್ಸಿಗೆ ಅನ್ನಿಸಿತು. ಗಂಡನನ್ನು ಅಡುಗೆಮನೆಗೆ ಕರೆದೊಯ್ದಳು.

"ರೀ, ಆ ಹಿರಿಯರು ಏನಂತ ಹರಸಿದ್ರು?"

ಗ್ಯೂಹೊ ನೆಲ ನೋಡಿದ. "ಸೆಬೊಮ್ ಅಜ್ಜಿ ಜೊತೆ ಕೊರಿಯಾಗೆ ಹೋಗಿ ಅಲ್ಲೇ ಬೆಳೀಲಿ ಅಂತ. ಅಮ್ಮ ನನ್ನ ಕೈಲಿ ಕೇಳಿಸಿದ್ರು. ನೀನೂ ಮುಖ ಸವರಿದ್ಯಲ್ಲ, ಒಪ್ಪಿದೀಯ ಅಂದ್ಕೊಂಡೆ."

"ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಅರ್ಥ ಆಗಲ್ಲ ಅಂತ ನಿಮಗೂ ಗೊತ್ತಿತ್ತು..."

ಅವನು ಒಬ್ಬನೇ ಮಗ, ವಿಧವೆ ತಾಯಿಯನ್ನು ಬಿಟ್ಟು ಮಿಷನರಿಯಾಗಿ ದೇವರ ಸೇವೆಗೆಂದು ಕಿರ್ಗಿಸ್ತಾನದ ಈ ನರಿನ್ ಪಟ್ಟಣಕ್ಕೆ ಬಂದವನು. ತಾಯಿ ಕೇಳಿದ್ದಕ್ಕೆ ಇಲ್ಲವೆನ್ನಲು ಅವನಿಗೆಲ್ಲಿ ಧೈರ್ಯ?

ಸೇವೆ ಶುರುವಾಗುವ ಮೊದಲು ಭಾಷೆ ಕಲಿಯಬೇಕಿತ್ತು. ಗ್ಯೂಹೊ ಆಗಲೇ ಕುರಿಗಾಹಿಗಳ ಜೊತೆ ಕಿರ್ಗಿಜ್‌ನಲ್ಲಿ ಹರಟೆ ಹೊಡೆಯುತ್ತಿದ್ದ. ಉನ್‌ಸಿಲ್‌ಗೆ ಸಂತೆಯಲ್ಲಿ ಎಲೆಕೋಸು ಕೇಳುವಷ್ಟರಲ್ಲಿ ಬೆವರು. 'ಅರ್ಥವಾಗದಾಗ ಎಲ್ಲರೂ ಮಾಡಿದಂತೆ ಮಾಡು' ಎಂದಿದ್ದರು ಪಾಠ ಹೇಳುವ ಮೇಷ್ಟ್ರು. ಪಾಪ, ಹಾಗೇ ಮಾಡಿದಳು. ಹಿರಿಯರ ಹಾರೈಕೆಗೆ ಮುಖ ಸವರಿಕೊಂಡರೆ ಮಾತು ಕೊಟ್ಟಂತೆ ಎಂದು ಆ ಪುಣ್ಯಾತ್ಮ ಹೇಳಬಾರದಿತ್ತೇ?

ಕೊರಿಯಾದಿಂದ ಮೆಣಸಿನಪುಡಿಯ ಚೀಲ ಹೊತ್ತು ಬಂದಿದ್ದ ಅತ್ತೆ ಬಂದ ದಿನದಿಂದಲೂ ಚುಚ್ಚುತ್ತಲೇ ಇದ್ದರು. "ನಿಂಗೇ ಇಲ್ಲಿ ಒಗ್ಗಿಲ್ಲ. ದಿನಾ ಅಳೋ ತಾಯಿ ಹತ್ರ ಆ ಮಗು ಏನು ಕಲಿಯುತ್ತೆ ಹೇಳು?" ಅಳುವುದು ನಿಜವಾಗಿತ್ತು. 

ಮರುದಿನ ಅತ್ತೆ ಮಗುವಿನ ಬಟ್ಟೆ ಮಡಿಚಿ ಪೆಟ್ಟಿಗೆಗೆ ತುಂಬತೊಡಗಿದರು. ಉನ್‌ಸಿಲ್ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಅಂಗಳಕ್ಕೂ ಒಳಕ್ಕೂ ಸುತ್ತಿದಳು. ಕೊನೆಗೆ ಊರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಬಾಡಿಗೆಮನೆಯ ಒಡತಿ ಬುರುಲ್ಚಾಳ ಮುಂದೆ ಹೋಗಿ ನಿಂತಳು.

"ಅಪಾ, ಮಗು... ನಾನು ಕೊಡಲ್ಲ. ನಂಗೆ ಗೊತ್ತಿಲ್ಲ. ಮುಖ, ಸುಮ್ನೆ ಹೀಗೆ..."

"ಅಯ್ಯೋ ಹುಚ್ಚಿ, ಇದಕ್ಯಾಕೆ ಅಳ್ತೀಯ? ಚೊಚ್ಚಲ ಮಗು ಅಜ್ಜಿಗೇ ಸೇರೋದು. ನಾನೂ ಕೊಟ್ಟಿಲ್ವೇನು? ಬಾ, ನಿಮ್ಮತ್ತೆ ಮುಂದೇನೇ ಹೇಳ್ತೀನಿ. ನೀನು ಅವರ ಭಾಷೇಲಿ ಹೇಳು."

ಗ್ಯೂಹೊ ಹಳ್ಳಿಗೆ ಹೋಗಿದ್ದ, ಬೇರೆ ಯಾರಿಗೂ ಎರಡು ಭಾಷೆ ಬಾರದು. ಹಿರಿಯರ ಹಾರೈಕೆಯಂತಲ್ಲ, ಬುರುಲ್ಚಾ ಅವಳಿಗೆಂದೇ ನಿಧಾನವಾಗಿ ಬಿಡಿಸಿ ಆಡುವ ಮಾತು ಉನ್‌ಸಿಲ್‌ಗೆ ಅರ್ಥವಾಗುತ್ತಿತ್ತು. ಹೀಗೆ ತನ್ನ ಕರುಳಿಗೆ ತಾನೇ ಕತ್ತರಿ ಹಾಕುವ ಮಾತನ್ನು ಉನ್‌ಸಿಲ್ ತನ್ನ ಬಾಯಲ್ಲೇ ಆಡಬೇಕಾಯಿತು. ಬದಲಾಯಿಸಿ ಹೇಳಿದ್ದರೆ ಕೇಳುವವರಿರಲಿಲ್ಲ. ಅವಳಿಗೆ ಅದು ಹೊಳೆಯಿತು ಕೂಡ. ಆದರೂ ಹೇಳಿದ್ದನ್ನು ಹೇಳಿದಂತೆಯೇ ಹೇಳಿದಳು.

"ನನ್ನ ಮರ್ಲೆನ್‌ನ ಮೊಲೆ ಬಿಡಿಸಿದ್ದೇ ಅತ್ತೆ ತಗೊಂಡ್ರು. ಚೆನ್ನಾಗೇ ಸಾಕಿದ್ರು. ಈಗ್ಲೂ ಬರ್ತಾನೆ, ಸೌದೆ ಒಡೆದು ಹಾಕ್ತಾನೆ, ಚಳಿಗಾಲಕ್ಕೆ ಮಾಂಸ ತರ್ತಾನೆ. ಬಂಗಾರದಂಥ ಮಗ. ಅತ್ತೇನೇ ಅವನಿಗೆ ಅಮ್ಮ, ಅದಕ್ಕೇ ನನ್ನನ್ನ ಅತ್ತಿಗೆ ಅಂತಾನೆ." ಬುರುಲ್ಚಾ ನಕ್ಕಳು. "ಅತ್ತೆ ತೀರ್ಕೊಂಡಾಗ ಸೂತಕದ ಗುಡಾರದ ಹೊರಗೆ ನಿಂತು ಅಮ್ಮಾ ಅಂತ ಅತ್ತ. ನಾನು ಒಳಗೆ ಬಂದೋರಿಗೆ ಚಹಾ ಬಗ್ಗಿಸ್ತಿದ್ದೆ. ಅವನ ದನಿ ಕೇಳಿ..."

 ಉನ್‌ಸಿಲ್ ಅಷ್ಟನ್ನೂ ಕೊರಿಯನ್‌ಗೆ ತಿರುಗಿಸಿದಳು. ಅತ್ತೆಯ ಕೈಯಲ್ಲಿದ್ದ ಸ್ವೆಟರ್ ಕೈಯಲ್ಲೇ ಉಳಿಯಿತು.

"ಒಂದ್ಸಲನೂ ಇವರನ್ನ ಅಮ್ಮ ಅನ್ನಲಿಲ್ವಂತಾ? ಕೇಳು."

ಉನ್‌ಸಿಲ್ ಕೇಳಿದಳು.

"ಚಿಕ್ಕವನಿದ್ದಾಗ ಒಂದ್ಸಲ ಅಂದ," ಎಂದಳು ಬುರುಲ್ಚಾ. "ನಾನೇ ಗದರಿಸ್ದೆ. ಅತ್ತೆ ಕೇಳಿಸ್ಕೊಂಡ್ರೆ ನೊಂದ್ಕೋತಾರೆ ಅಂತ."

ಅದನ್ನು ಕೊರಿಯನ್‌ನಲ್ಲಿ ಹೇಳಿ ಮುಗಿಸಿದ ಉನ್‌ಸಿಲ್ ತೋಳಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಬುರುಲ್ಚಾಳ ಕಡೆ ನೋಡಿದರು.

"ಇವರು ನನ್ನ ಪರವಾಗಿ ತಾನೇ ಹೇಳೋಕೆ ಬಂದಿದ್ದು?"

"ಹೌದು ಅತ್ತೆ."

"ಎಲ್ಲಾ ಇದ್ದ ಹಾಗೇ ಹೇಳಿದ್ಯಾ?"

"ಹ್ಞೂಂ."

ಅತ್ತೆಯ ಮುಖ ಕಿವುಚಿಕೊಂಡಿತು. "ಮಗನ್ನ ದೇವರಿಗೆ ಬಿಟ್ಕೊಟ್ಟೆ ಕಣೆ. ಮನೇಲಿ ಒಂದು ದನಿಯಾದ್ರೂ ಇರ್ಲಿ ಅಂತ ಈ ಮಗೂನ ಕೇಳ್ದೆ. ನಿನ್ನ ಅಳು ಒಂದು ನೆಪ..." ಆಮೇಲೆ ಕಣ್ಣೊರೆಸಿಕೊಂಡು ಪೆಟ್ಟಿಗೆಯನ್ನು ಸೊಸೆಯ ಕಡೆ ತಳ್ಳಿದರು. "ತೆಗಿ. ಅವಳ ಬಟ್ಟೆ ಎಲ್ಲಾ ನೀನೇ ತೆಗಿ. ನನ್ನ ಕೈಲಿ ಆಗಲ್ಲ."