ಅಕ್ಷರಾಳ ಮೆಣಸಿನ ಗಿಡ

"ಗಿಡ ತೋರ್ಸೇ! ನಿನ್ನ ಮೂಗು ನೋಡಿ ನೋಡಿ ಸಾಕಾಯ್ತು!"

ಫೋನಿನೊಳಗಿಂದ ಅಕ್ಷರಾ ಕೂಗಿದಳು. ಪೂಜಿತಾ ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡಳು. ಈಗ ಮೂಗೂ ಪೂರ್ತಿ ಕಾಣುತ್ತಿರಲಿಲ್ಲ. ಒಂದು ಹೊಳ್ಳೆ ಮಾತ್ರ ಕಾಣುತ್ತಿತ್ತು.

"ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಕಣೇ."

"ನಿನ್ನ ಮೂಗಿಗೆ ನೆಟ್‌ವರ್ಕ್ ಇದೆ, ನನ್ನ ಗಿಡಕ್ಕೆ ಇಲ್ವಾ?"

"ಬ್ಯಾಟರಿನೂ ಕಮ್ಮಿ ಇದೆ. ಬಾಯ್, ಬಾಯ್!"

ಪೂಜಿತಾ ಫೋನನ್ನು ಆಫ್ ಮಾಡಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಅಮ್ಮನ ಹಳೆಯ ಫೋನು ಅದು. ಗಾಜಿನ ಮೇಲೆ ಒಂದು ಬಿರುಕಿತ್ತು. ಬ್ಯಾಟರಿ ಮಾತ್ರ ತುಂಬಿತ್ತು.

ಆಮೇಲೆ ಅವಳು ನಿಧಾನವಾಗಿ ಹಿಂತಿರುಗಿ ನೋಡಿದಳು.

ತಾರಸಿಯ ಮೆಟ್ಟಿಲು ಕೋಣೆಯ ಗೋಡೆಗೆ ಒರಗಿಕೊಂಡು ಹಳೆಯ ಪೇಂಟ್ ಡಬ್ಬಿಯೊಂದು ಕುಳಿತಿತ್ತು. ಅದರ ಹೊಟ್ಟೆಯ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ 'ಅಕ್ಷರಾ' ಎಂದು ಬರೆದಿತ್ತು. ಡಬ್ಬಿಯೊಳಗೆ ಸೂಜಿಮೆಣಸಿನ ಗಿಡ. ಗಿಡ ಎನ್ನುವುದಕ್ಕಿಂತ ಕಡ್ಡಿ ಎನ್ನುವುದೇ ಸರಿ. ಉಳಿದಿದ್ದ ನಾಲ್ಕಾರು ಎಲೆಗಳು ಹಳದಿಯಾಗಿ, ಮುಟ್ಟಿದರೆ ಉದುರುವಂತೆ ತೂಗುತ್ತಿದ್ದವು. ಮಣ್ಣಿನ ಮೇಲೆ ಪಾಚಿ ಕಟ್ಟಿತ್ತು.

ಅಕ್ಷರಾ ಪಕ್ಕದ ಮನೆಯಲ್ಲಿದ್ದವಳು. ಒಂದನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು. ಭದ್ರಾವತಿಯಲ್ಲಿ ಫಿಟ್ಟರ್ ಆಗಿದ್ದ ಅವಳ ಅಪ್ಪನಿಗೆ ಆಸ್ಟ್ರೇಲಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಆ ಊರಿನ ಹೆಸರು ಬುಂಡಾಬರ್ಗ್. ಅದನ್ನು ಹೇಳಿಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಹೊರಡುವ ದಿನ ಮಾತ್ರ ಯಾರಿಗೂ ನಗು ಬಂದಿರಲಿಲ್ಲ. ವಿಮಾನದಲ್ಲಿ ಗಿಡವನ್ನಾಗಲಿ ಬೀಜವನ್ನಾಗಲಿ ಒಯ್ಯಲು ಬಿಡುವುದಿಲ್ಲ ಎಂದು ತಿಳಿದಾಗ ಅಕ್ಷರಾ ಆ ಡಬ್ಬಿಯನ್ನು ತಬ್ಬಿಕೊಂಡು ಬಂದು ಪೂಜಿತಾಳ ಕೈಗೆ ಕೊಟ್ಟಿದ್ದಳು.

"ನಾನು ಬರೋವರೆಗೂ ನೋಡ್ಕೋ. ಪ್ರಾಮಿಸ್?"

"ಪ್ರಾಮಿಸ್."

ಮಳೆಗಾಲದುದ್ದಕ್ಕೂ ಗಿಡ ಚೆನ್ನಾಗಿಯೇ ಇತ್ತು. ಚಳಿ ಶುರುವಾದ ಮೇಲೆ ಒಂದೆರಡು ಹೂವು ಉದುರಿದವು. ಪೂಜಿತಾ ಗಾಬರಿಯಿಂದ ಅಕ್ಷರಾಳಿಗೆ ಫೋನು ಮಾಡಿದಳು.

"ಅಷ್ಟೇನಾ? ನಮ್ಮಲ್ಲಿ ಜೂನ್, ಜುಲೈನಲ್ಲಿ ಚಳಿಗಾಲ. ನಾನೂ ಇಲ್ಲೊಂದು ಮೆಣಸಿನ ಗಿಡ ತಂದಿದ್ದೀನಲ್ಲ, ಅದನ್ನ ಚಳಿಗಾಲ ಪೂರ್ತಿ ಉಳಿಸ್ಕೊಂಡೆ. ಇಲ್ಲಿ ಚಳಿ ಜೋರೇನಿಲ್ಲ, ನಮ್ಮ ಶಿವಮೊಗ್ಗದ ಥರಾನೇ. ಗೋಡೆಯ ಉತ್ತರದ ಕಡೆ ಇಡು. ಗೋಡೆ ಬೆಚ್ಚಗಿರುತ್ತೆ, ಗಿಡನೂ ಬೆಚ್ಚಗಿರುತ್ತೆ. ಪಕ್ಕದ ಮನೆ ಆಂಟಿ ಹೇಳ್ಕೊಟ್ರು."

ಅವಳು ಜುಲೈ ತಿಂಗಳ ಒಂದು ಫೋಟೊವನ್ನೂ ಕಳಿಸಿದ್ದಳು. ಸ್ವೆಟರ್ ಹಾಕಿಕೊಂಡ ಅಕ್ಷರಾ, ಅವಳ ಪಕ್ಕದಲ್ಲಿ ಕೆಂಪು ಹಣ್ಣು ಬಿಟ್ಟ ಗಿಡ.

ಪೂಜಿತಾ ಫೋನಿನ ದಿಕ್ಸೂಚಿ ನೋಡಿ, ಮೆಟ್ಟಿಲು ಕೋಣೆಯ ಉತ್ತರದ ಗೋಡೆ ಹುಡುಕಿ, ಡಬ್ಬಿಯನ್ನು ಅಲ್ಲಿಟ್ಟಳು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನೀರು ಹಾಕುವಳು. ಸಂಜೆ ಬಂದ ಮೇಲೂ ಹಾಕುವಳು. ಎಲೆ ಹಳದಿಯಾದಷ್ಟೂ ಹೆಚ್ಚು ನೀರು.

ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಅಮ್ಮ ತಾರಸಿಗೆ ಬಂದಳು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಭಾನುವಾರ ಮಾತ್ರ ಬಿಡುವು.

"ಏನೇ ಪುಟ್ಟಿ, ಗಿಡಕ್ಕೆ ಸ್ನಾನ ಮಾಡ್ಸಿದ್ಯಾ? ಬಿಸಿಲು ಸಾಲ್ತಿಲ್ವೇನೋ ನೋಡು."

"ಮಧ್ಯಾಹ್ನ ಬರುತ್ತಮ್ಮ. ಅಕ್ಷರಾ ಹೇಳಿದ್ದಾಳೆ."

"ಅಕ್ಷರಾ ಸಂಕ್ರಾಂತಿಗೆ ಬರ್ತಾಳಂತೆ. ಅವಳಮ್ಮ ಮೆಸೇಜ್ ಹಾಕಿದ್ರು."

ಪೂಜಿತಾಳ ಎದೆಯಲ್ಲಿ ಸಂತೋಷವೂ ಭಯವೂ ಒಟ್ಟಿಗೆ ಎದ್ದು ನಿಂತವು. ಅಕ್ಷರಾ ಬರುತ್ತಾಳೆ. ಬಂದ ಕೂಡಲೇ ತಾರಸಿಗೆ ಓಡುತ್ತಾಳೆ. ಅಲ್ಲಿ ಅವಳ ಹೆಸರು ಬರೆದ ಡಬ್ಬಿಯಲ್ಲಿ ಒಂದು ಒಣಕಡ್ಡಿ ನಿಂತಿರುತ್ತದೆ.

*

ಕ್ರಿಸ್‌ಮಸ್ ರಜೆಗೆ ಪೂಜಿತಾ ಭದ್ರಾವತಿಯ ಅಜ್ಜನ ಮನೆಗೆ ಹೊರಟಳು. ಬಟ್ಟೆಯ ಬ್ಯಾಗು ಅಮ್ಮನ ಕೈಯಲ್ಲಿ, ಪೇಂಟ್ ಡಬ್ಬಿ ಪೂಜಿತಾಳ ತೊಡೆಯ ಮೇಲೆ. ಬಸ್ಸಿನಲ್ಲಿ ಕಂಡಕ್ಟರ್ ಡಬ್ಬಿಯನ್ನು ಬಗ್ಗಿ ನೋಡಿದರು.

"ಇದು ಹೆಣ್ಣೋ ಗಂಡೋ? ಹೆಣ್ಣಾದ್ರೆ ಫ್ರೀ. ಆಧಾರ್ ಕಾರ್ಡ್ ತೋರ್ಸು."

"ಹೆಣ್ಣೇ ಅಂಕಲ್. ನೋಡಿ, ಹೆಸರೂ ಇದೆ, ಅಕ್ಷರಾ ಅಂತ."

"ಪಾಪ, ತುಂಬಾ ಸೊರಗಿದ್ದಾಳೆ. ಊಟ ಹಾಕಮ್ಮ ಅವಳಿಗೆ," ಎಂದು ಹೇಳಿ ಕಂಡಕ್ಟರ್ ಮುಂದೆ ಹೋದರು. ಸೀಟುಗಳಲ್ಲಿ ನಗು ಹರಡಿತು. ಪೂಜಿತಾ ಮಾತ್ರ ನಗಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಒಂದೊಂದು ಎಲೆ ಬೀಳುತ್ತಿತ್ತು.

ಅಜ್ಜ ಶಿವಮೂರ್ತಪ್ಪ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕುಲುಮೆಯ ಬೆಂಕಿಯ ಮುಂದೆ ಆಯುಸ್ಸು ಕಳೆದದ್ದಕ್ಕೋ ಏನೋ, ಅವರಿಗೆ ಚಳಿ ಎಂದರೆ ಆಗದು. ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಫ್ಲರ್. ಬಾಗಿಲು ತೆರೆದವರೇ ಮೊಮ್ಮಗಳನ್ನು ಬಿಟ್ಟು ಡಬ್ಬಿಯನ್ನು ನೋಡಿದರು.

"ಇದೇನೇ ಮಾರಾಯ್ತಿ, ಹಲ್ಲುಕಡ್ಡಿ ತಂದಿದ್ದೀಯಾ?"

"ಅಜ್ಜಾ!" ಪೂಜಿತಾಳ ಕಣ್ಣು ತುಂಬಿತು.

"ತಮಾಷೆ ಮಾಡ್ದೆ ಪುಟ್ಟಿ. ಬೇರು ಗಟ್ಟಿ ಇದೆ. ನೋಡೋಣ, ಒಳಗೆ ಬಾ."

ಅಮ್ಮ ಸಂಜೆಯ ಬಸ್ಸಿಗೆ ಹಿಂತಿರುಗಿದಳು. ಪೂಜಿತಾ ಇಲ್ಲಿಯೂ ದಿಕ್ಸೂಚಿ ನೋಡಿ ಡಬ್ಬಿಯನ್ನು ಮನೆಯ ಉತ್ತರಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟಳು. ಮಾರನೆಯ ದಿನ ಅಜ್ಜಿ ಹಾಲಮ್ಮ ಅದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

"ಅಲ್ಯಾಕಿಟ್ಟೆ? ಈ ಕಾಲದಲ್ಲಿ ಅಲ್ಲಿ ಒಂದು ಕರ್ಚೀಫೂ ಒಣಗಲ್ಲ."

"ಮಧ್ಯಾಹ್ನ ಬಿಸಿಲು ಬರುತ್ತಜ್ಜಿ."

ಅಂದು ಶಾಲೆ ಇರಲಿಲ್ಲ, ಟ್ಯೂಷನ್ನೂ ಇರಲಿಲ್ಲ. ಮೊದಲ ಸಲ ಪೂಜಿತಾ ಆ ಗಿಡದ ಪಕ್ಕದಲ್ಲಿ ಇಡೀ ದಿನ ಇದ್ದಳು. ಒಗೆಯುವ ಕಲ್ಲಿನ ಮೇಲೆ ಕುಳಿತು ಕಾದಳು. ಬೆಳಗಾಯಿತು, ಬಿಸಿಲು ಅಂಗಳದ ಆಚೆಯ ಪೇರಲೆ ಮರದ ತುದಿಗೆ ಬಂತು. ಊಟದ ಹೊತ್ತಾಯಿತು, ಬಿಸಿಲು ಸೂರಿನ ಹಂಚಿನ ಮೇಲೆ ನಡೆಯಿತು. ಸಂಜೆಯಾಯಿತು. ಉತ್ತರದ ಗೋಡೆಯ ಬಳಿಗೆ ಬಿಸಿಲು ಒಂದು ಸಲವೂ ಇಳಿದು ಬರಲಿಲ್ಲ. ಗೋಡೆಗೆ ಕೈಯಿಟ್ಟು ನೋಡಿದಳು. ಫ್ರಿಜ್ಜಿನ ಬಾಗಿಲಿನಂತೆ ತಣ್ಣಗಿತ್ತು.

ಬೆಚ್ಚಗಿರುತ್ತೆ ಅಂದಿದ್ದಳಲ್ಲ!

ಅಕ್ಷರಾಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಟೀಚರ್ ಥರ ಹೇಳಿಬಿಟ್ಟಳು. ಅಥವಾ... ಅಥವಾ ತನ್ನ ಗಿಡವೇ ಚೆನ್ನಾಗಿರಲಿ ಎಂದು ಬೇಕಂತಲೇ ಹೇಳಿದಳೋ?

ಮರುದಿನ ಬೆಳಿಗ್ಗೆ ಫೋನು ರಿಂಗಾಯಿತು. ಪರದೆಯ ಮೇಲೆ ಅಕ್ಷರಾಳ ಮುಖ. ಪೂಜಿತಾ ಫೋನನ್ನು ದಿಂಬಿನ ಅಡಿಗೆ ತಳ್ಳಿ ಹೊರಗೆ ಹೋದಳು.

ಮುಂದಿನ ಜಗುಲಿಯಲ್ಲಿ ಅಜ್ಜ ಕುರ್ಚಿ ಎಳೆಯುತ್ತಿದ್ದರು. ಸ್ವಲ್ಪ ಹೊತ್ತು ಕೂರುವರು. ಬಿಸಿಲು ಸರಿದ ಹಾಗೆ ಮತ್ತೆ ಎಳೆಯುವರು.

"ನಿಮ್ಮಜ್ಜ ಬೆಕ್ಕಿನ ಜಾತಿ," ಎಂದರು ಅಜ್ಜಿ, ಒಳಗಿನಿಂದ. "ಬಿಸಿಲು ಎಲ್ಲಿ ಬಿತ್ತೋ ಅಲ್ಲಿ ಹಾಜರು."

"ಬೇಸಿಗೆಯಲ್ಲಿ ಈ ಜಗುಲಿಗೆ ಬಿಸಿಲು ಕಾಲಿಡಲ್ಲ ಪುಟ್ಟಿ. ಈಗ ನೋಡು, ಹೊಸ್ತಿಲವರೆಗೂ ಬಂದು ಮಾತಾಡ್ಸುತ್ತೆ. ದಕ್ಷಿಣಾಯನ ಅಲ್ವಾ? ಸೂರ್ಯ ದಕ್ಷಿಣಕ್ಕೆ ಹೋಗಿರ್ತಾನೆ. ಸಂಕ್ರಾಂತಿ ಕಳೀಲಿ, ತಿರುಗಿ ಈ ಕಡೆ ಬರ್ತಾನೆ."

"ದಕ್ಷಿಣ ಅಂದ್ರೆ ಎಲ್ಲಿಗೆ ಹೋಗಿರ್ತಾನೆ ಅಜ್ಜ? ಯಾವ ಊರಿಗೆ?"

"ನಂಗೇನು ಹೇಳಿ ಹೋಗ್ತಾನಾ ಮಾರಾಯ್ತಿ? ನಾನು ಹುಬ್ಬಳ್ಳಿ ದಾಟಿ ಹೋದವನಲ್ಲ."

ಪೂಜಿತಾ ಜಗುಲಿಯ ಅಂಚಿನಲ್ಲಿ ಕುಳಿತಳು. ಯಾವ ಊರಿಗೆ? ಪಕ್ಕದ ತಟ್ಟೆಯಲ್ಲಿ ಅಜ್ಜಿ ಇಟ್ಟುಹೋದ ಕಿತ್ತಳೆಹಣ್ಣು ಇತ್ತು. ಅವಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಶಾಲೆಯ ಗ್ಲೋಬು ನೆನಪಾಯಿತು. ಓಡಿಹೋಗಿ ಅಡುಗೆಮನೆಯ ಡಬ್ಬಿಯಿಂದ ಎರಡು ಲವಂಗ ತಂದಳು.

ಒಂದು ಲವಂಗವನ್ನು ಹಣ್ಣಿನ ನಡುವಿಗಿಂತ ಸ್ವಲ್ಪ ಮೇಲೆ ಚುಚ್ಚಿದಳು. ಇದು ಭದ್ರಾವತಿ. ಇನ್ನೊಂದನ್ನು ನಡುವಿಗಿಂತ ಕೆಳಗೆ, ಸಾಕಷ್ಟು ಪೂರ್ವಕ್ಕೆ. ಇದು ಬುಂಡಾಬರ್ಗ್.

ಸೂರ್ಯ ಈಗ ದಕ್ಷಿಣಕ್ಕೆ ಹೋಗಿದ್ದಾನೆ. ಅಂದರೆ ಈ ಕೆಳಗಿನ ಲವಂಗದ ಕಡೆಗೆ. ಅದಕ್ಕೇ ಅಲ್ಲಿ ಈಗ ಬೇಸಿಗೆ. ಇಲ್ಲಿಂದ ಅವನನ್ನು ನೋಡಬೇಕಾದರೆ ದಕ್ಷಿಣಕ್ಕೆ ಮುಖ ಮಾಡಬೇಕು. ಹಾಗಾದರೆ ಜುಲೈನಲ್ಲಿ? ಜುಲೈನಲ್ಲಿ ಅವನು ಮೇಲಿನ ಲವಂಗದ ಕಡೆಗೆ ಬಂದಿರುತ್ತಾನೆ. ಆಗ ಬುಂಡಾಬರ್ಗ್‌ನಲ್ಲಿ ಚಳಿಗಾಲ. ಅಲ್ಲಿಂದ ಅವನನ್ನು ನೋಡಬೇಕಾದರೆ...

ಪೂಜಿತಾ ಕೆಳಗಿನ ಲವಂಗದ ಪಕ್ಕ ಬೆರಳಿಟ್ಟಳು. ಬೆರಳು ತಾನಾಗಿಯೇ ಮೇಲಕ್ಕೆ, ಉತ್ತರಕ್ಕೆ ತೋರಿಸಿತು.

ಅವಳು ಒಳಗೆ ಓಡಿ ದಿಂಬಿನ ಅಡಿಯಿಂದ ಫೋನು ತೆಗೆದಳು. ಜುಲೈ ತಿಂಗಳ ಆ ಫೋಟೊ ಹುಡುಕಿದಳು. ಇಷ್ಟು ದಿನ ಅವಳು ಅದರಲ್ಲಿ ಕೆಂಪು ಹಣ್ಣುಗಳನ್ನಷ್ಟೇ ನೋಡಿದ್ದಳು. ಈಗ ಗೋಡೆಯನ್ನು ನೋಡಿದಳು. ಗೋಡೆಯ ತುಂಬ ಬಿಸಿಲು. ಸ್ವೆಟರ್ ಹಾಕಿದ ಅಕ್ಷರಾ ಉತ್ತರಕ್ಕೆ ಮುಖ ಮಾಡಿ, ಕಣ್ಣು ಕಿರಿದು ಮಾಡಿ, ಬಿಸಿಲಿಗೆ ಹಲ್ಲು ಕಿರಿಯುತ್ತಿದ್ದಳು.

ಅವಳು ಸುಳ್ಳು ಹೇಳಿರಲಿಲ್ಲ. ತಾನು ನಿಂತ ಜಾಗದಿಂದ ಕಂಡದ್ದನ್ನು ಹೇಳಿದ್ದಳು.

ಪೂಜಿತಾ ಹಿತ್ತಿಲಿಗೆ ಹೋಗಿ ಡಬ್ಬಿಯನ್ನು ಎತ್ತಿಕೊಂಡು ಬಂದಳು. ಅಜ್ಜನ ಕುರ್ಚಿಯ ಪಕ್ಕ, ಬಿಸಿಲಿನ ನಡುವೆ ಇಟ್ಟಳು. ಆಮೇಲೆ ಒಂದು ಸಲ ಜೋರಾಗಿ ಉಸಿರೆಳೆದುಕೊಂಡು ವಿಡಿಯೊ ಕಾಲ್ ಮಾಡಿದಳು. ಈ ಸಲ ಫೋನನ್ನು ದೂರ ಹಿಡಿದಳು. ಕಡ್ಡಿ, ಡಬ್ಬಿ, ಪಾಚಿ ಎಲ್ಲವೂ ಕಂಡವು.

ಅಕ್ಷರಾ ಪರದೆಯ ಹತ್ತಿರಕ್ಕೆ ಬಾಗಿ ನೋಡಿದಳು.

"ನನ್ನ ಗಿಡಾನಾ ಅದು?"

"ಹೂಂ. ಸಾರಿ ಕಣೇ. ನೀನು ಹೇಳ್ದಂಗೆ ಉತ್ತರಕ್ಕೆ ಇಟ್ಟೆ. ಆದ್ರೆ ನಿಮ್ಮ ಉತ್ತರ ಬೇರೆ, ನಮ್ಮ ಉತ್ತರ ಬೇರೆ. ಇಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬರುತ್ತೆ." ಅವಳು ಒಂದೇ ಉಸಿರಿಗೆ ಕಿತ್ತಳೆ, ಲವಂಗ, ಅಜ್ಜನ ಕುರ್ಚಿ ಎಲ್ಲವನ್ನೂ ಹೇಳಿದಳು. "ನೀರೂ ಜಾಸ್ತಿ ಹಾಕ್ಬಿಟ್ಟೆ."

ಅಕ್ಷರಾ ತನ್ನ ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡಳು. ತಪ್ಪು ಮಾಡಿದಾಗ ಮೊದಲಿನಿಂದಲೂ ಅವಳು ಮಾಡುತ್ತಿದ್ದದ್ದೇ ಹಾಗೆ.

"ಒಂದು ಹೇಳ್ಲಾ? ಬೈಬಾರ್ದು. ನಂದೂ ಮೊದಲನೇ ಗಿಡ ಸತ್ತೇ ಹೋಯ್ತು. ಚಳಿ ಅಂತ ದಿನಾ ಬಿಸಿನೀರು ಹಾಕಿದ್ದೆ. ನಿಂಗೆ ತೋರ್ಸಿದ್ದು ಎರಡನೇದು."

"ಬಿಸಿನೀರಾ!"

"ಉಗುರುಬೆಚ್ಚಗೆ ಕಣೇ!"

"ಗಿಡಕ್ಕೆ ಎಣ್ಣೆಸ್ನಾನ ಮಾಡ್ಸೋಕೆ ಹೋಗಿದ್ಯಾ?"

ಇಬ್ಬರೂ ನಕ್ಕರು. ಬುಂಡಾಬರ್ಗ್ ಎಂಬ ಹೆಸರು ಮೊದಲ ಸಲ ಕೇಳಿದಾಗ ನಕ್ಕ ಹಾಗೆಯೇ ನಕ್ಕರು. ನಗು ಏಕೆಂದು ಗೊತ್ತಿಲ್ಲದೆ ಅಜ್ಜನೂ ಮಫ್ಲರ್‌ನೊಳಗೆ ನಕ್ಕರು.

ಅಕ್ಷರಾ ಹೇಳಿದಂತೆ ಒಣಗಿದ ತುದಿಗಳನ್ನು ಪೂಜಿತಾ ಕತ್ತರಿಸಿದಳು. ಮಣ್ಣು ಒಣಗುವವರೆಗೂ ನೀರು ಮುಟ್ಟಿಸಲಿಲ್ಲ. ಅಜ್ಜ ಕುರ್ಚಿ ಎಳೆದಾಗಲೆಲ್ಲ ಅವಳು ಡಬ್ಬಿಯನ್ನೂ ಎಳೆದಳು. ಅಜ್ಜಿಗೆ ಈಗ ಬೈಯಲು ಮೂವರಾದರು.

ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಪೂಜಿತಾ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕಡ್ಡಿಯ ಗಂಟಿನಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಏನೋ ಕಂಡಿತು. ಉಗುರಿನಿಂದ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಹಸಿರು. ಅದು ಹಸಿರೇ.

"ಅಜ್ಜ," ಎಂದಳು ಮೆಲ್ಲಗೆ, ಜೋರಾಗಿ ಕರೆದರೆ ಅದು ಒಳಗೆ ಹೋಗಿಬಿಡುತ್ತದೇನೋ ಎನ್ನುವಂತೆ.

ಅಜ್ಜ ಬಗ್ಗಿ ನೋಡಿದರು. ಅವರ ಮಫ್ಲರಿನ ನೆರಳು ಗಿಡದ ಮೇಲೆ ಬಿತ್ತು. ಅದನ್ನು ಕಂಡವರೇ ಎದ್ದು, ತಮ್ಮ ಕುರ್ಚಿಯನ್ನು ಚಳಿಯ ಕಡೆಗೆ ಒಂದು ಮೊಳ ಸರಿಸಿಕೊಂಡರು.

ಪೂಜಿತಾ ಜಗುಲಿಯ ಅಂಚಿನಲ್ಲಿ ನಿಂತಳು. ದಕ್ಷಿಣಕ್ಕೆ ತಿರುಗಿದಳು. ಆಮೇಲೆ ಇನ್ನಷ್ಟು ಎಡಕ್ಕೆ, ಕೆಳಗಿನ ಲವಂಗ ಇದ್ದ ಕಡೆಗೆ. ಜುಲೈ ತಿಂಗಳಲ್ಲಿ, ಆ ಚಳಿಯಲ್ಲಿ, ಬಿಸಿಲು ಬೇಕಾದಾಗಲೆಲ್ಲ ಅಕ್ಷರಾ ಅಲ್ಲಿಂದ ಉತ್ತರಕ್ಕೆ ತಿರುಗಿ ನಿಂತಿದ್ದದ್ದು ತಾನಿರುವ ಈ ಕಡೆಗೇ.

ಅವಳು ಕಣ್ಣು ಮುಚ್ಚಿಕೊಂಡಳು. ಮುಖದ ತುಂಬ ಬಿಸಿಲು ಬೆಚ್ಚಗಿತ್ತು.